ಗುರುವಾರದ ತಿಥಿ, ಶುಕ್ರವಾರದ ರೈಲು

ಆ ಗುರುವಾರ ಬೆಳಗ್ಗೆ ಆರು ನಲವತ್ತಕ್ಕೆ ನಾನು ಅಮೆರಿಕದ ನ್ಯೂಜೆರ್ಸಿಯಲ್ಲಿ, ಮಾನ್ಮತ್ ಜಂಕ್ಷನ್ ಎಂಬ ಊರಿನ ನಮ್ಮ ಅಡುಗೆಮನೆಯಲ್ಲಿ ನಿಂತು, ಲ್ಯಾಪ್‌ಟಾಪಿನಲ್ಲಿದ್ದ ಪಟ್ಟಿಯ ಒಂದು ಚೌಕದೊಳಗೆ ‘ಆಯಿತು’ ಎಂದು ಬರೆಯಲು ಹೊರಟಿದ್ದೆ. ಫಿಲ್ಟರಿನಿಂದ ಡಿಕಾಕ್ಷನ್ ಇನ್ನೂ ಇಳಿಯುತ್ತಿತ್ತು. ಅದು ಬೇಗ ಇಳಿದಿದ್ದರೆ ನಾನು ಆ ಮೂರಕ್ಷರ ಬರೆದು, ಕಾಫಿ ಕುಡಿದು, ನೆಮ್ಮದಿಯಾಗಿ ಇರುತ್ತಿದ್ದೆ. ಕಾಯುತ್ತಾ ನಿಂತದ್ದರಿಂದ ಫ್ರಿಜ್ಜಿನ ಪಕ್ಕದ ಗೋಡೆಯಲ್ಲಿದ್ದ ಕ್ಯಾಲೆಂಡರಿನ ಕಡೆಗೆ ಕಣ್ಣು ಹೋಯಿತು.

ಕೆಲಸವೇನೆಂದು ಮೊದಲು ಹೇಳಿಬಿಡುತ್ತೇನೆ. ನಮ್ಮ ಕಡೆಯ ಹಿರಿಯರನ್ನು ಗುಂಪು ಕಟ್ಟಿ ದೂರದ ಪ್ರವಾಸಗಳಿಗೆ ಕಳಿಸುವುದು ನನ್ನ ಕಸುಬು. ಜೊತೆಗೆ ನಾನು ಹೋಗುವುದಿಲ್ಲ. ಟಿಕೆಟ್ಟು, ಊಟ, ಔಷಧಿ, ವೀಲ್‌ಚೇರು ಎಲ್ಲವನ್ನೂ ಇಲ್ಲಿ ಕೂತು ಫೋನಿನಲ್ಲೇ ನಡೆಸುತ್ತೇನೆ. ಆ ಸಲ ಹದಿನಾಲ್ಕು ಮಂದಿ ಆಸ್ಟ್ರೇಲಿಯಾಕ್ಕೆ ಹೋಗಿದ್ದರು. ಅಡಿಲೇಡ್‌ನಿಂದ ಪರ್ತ್‌ವರೆಗೆ ಸ್ಲೀಪರ್ ರೈಲು, ಎರಡು ರಾತ್ರಿಯ ಪ್ರಯಾಣ. ನಡುವೆ ಮರವೇ ಇಲ್ಲದ ಒಂದು ಬಯಲು ಬರುತ್ತದೆ. ಅಲ್ಲಿ ಹಳಿ ಒಂದೂ ತಿರುವಿಲ್ಲದೆ ನಾನೂರೈವತ್ತು ಕಿಲೋಮೀಟರಿಗೂ ಹೆಚ್ಚು ದೂರ ನೆಟ್ಟಗೆ ಹೋಗುತ್ತದೆ. ಫೋನಿಗೆ ಸಿಗ್ನಲ್ ಇಲ್ಲ, ಇಂಟರ್ನೆಟ್ ಇಲ್ಲ. ನಮ್ಮೂರಿನ ಹೆಸರಿನಲ್ಲಿ ಜಂಕ್ಷನ್ ಇದ್ದರೂ ಒಂದು ರೈಲೂ ನಿಲ್ಲುವುದಿಲ್ಲ, ಕೂಗುತ್ತಾ ದಾಟಿ ಹೋಗುತ್ತವೆ. ಇಂಥ ಊರಲ್ಲಿ ಕೂತು ಇನ್ನೊಂದು ಖಂಡದ ರೈಲು ಓಡಿಸುತ್ತೀಯಲ್ಲ ಎಂದು ನಮ್ಮ ಮನೆಯವರು ಆಗಾಗ ಚುಚ್ಚುತ್ತಾರೆ.

ನನ್ನ ಬಂಡವಾಳವೆಂದರೆ ಆ ಪಟ್ಟಿ. ಯಾರಿಗೆ ಕೆಳಗಿನ ಬರ್ತ್ ಬೇಕು, ಯಾರಿಗೆ ಈರುಳ್ಳಿ ಬೆಳ್ಳುಳ್ಳಿ ಆಗುವುದಿಲ್ಲ, ಯಾರು ಇನ್ಸುಲಿನ್ನನ್ನು ಯಾವ ಗಡಿಯಾರದ ಪ್ರಕಾರ ತೆಗೆದುಕೊಳ್ಳಬೇಕು, ಯಾರ ಚೀಲದಿಂದ ಉಪ್ಪಿನಕಾಯಿಯನ್ನು ಹೊರಡುವ ಮೊದಲೇ ತೆಗೆಸಬೇಕು, ಎಲ್ಲವೂ ಅದರಲ್ಲಿತ್ತು. ಪ್ರತಿ ಸಾಲಿನ ಮುಂದೆ ನ್ಯೂಜೆರ್ಸಿ, ಅಡಿಲೇಡ್, ಪರ್ತ್ ಎಂದು ಮೂರು ಗಡಿಯಾರ. ಅಡಿಲೇಡ್ ಆಗ ನಮಗಿಂತ ಹದಿಮೂರೂವರೆ ಗಂಟೆ ಮುಂದಿತ್ತು; ಆ ಅರ್ಧ ಗಂಟೆಯನ್ನೂ ಬಿಡದೆ ಲೆಕ್ಕ ಹಿಡಿದಿದ್ದೆ. ಇಷ್ಟು ಹೇಳಿಕೊಳ್ಳುವುದು ಏಕೆಂದರೆ ಮುಂದೆ ಆದದ್ದು ಅಜಾಗರೂಕತೆಯಿಂದ ಆದದ್ದಲ್ಲ. ಬಹಳ ಜಾಗರೂಕತೆಯಿಂದ ಮಾಡಿದ ತಪ್ಪು ಅದು.

ಪಟ್ಟಿಯ ಏಳನೆಯ ಸಾಲಿನಲ್ಲಿ ನ್ಯೂಜೆರ್ಸಿಯದೇ ಪಾರ್ಸಿಪನಿ ಊರಿನ ಅಂಕಲ್ ಮತ್ತು ಆಂಟಿ ಇದ್ದರು. ಇಬ್ಬರೂ ಧಾರವಾಡದ ಕಡೆಯವರು. ಆಂಟಿ ಸ್ಟೇಷನ್ ಮಾಸ್ತರರ ಮಗಳು, ರೈಲ್ವೆ ಕ್ವಾರ್ಟರ್ಸಿನಲ್ಲಿ ಗೂಡ್ಸ್ ಗಾಡಿಯ ಸದ್ದಿಗೆ ಮಲಗಿ ಬೆಳೆದವರು. ಜಗತ್ತಿನಲ್ಲೇ ಉದ್ದನೆಯ ನೇರ ಹಳಿ ಇಲ್ಲಿದೆ ಎಂದು ಎಲ್ಲೋ ಓದಿ ಹತ್ತು ವರ್ಷದಿಂದ ಕಾದಿದ್ದರು. ಒಮ್ಮೆ ಅಂಕಲ್ ಮಂಡಿಯ ಆಪರೇಷನ್ನಿಗೆ, ಇನ್ನೊಮ್ಮೆ ಆಂಟಿಯ ಕಣ್ಣಿನ ಇಂಜೆಕ್ಷನ್ನಿಗೆಂದು ಹೊರಟದ್ದು ಎರಡು ಸಲ ನಿಂತುಹೋಗಿತ್ತು. ಆಂಟಿಗೆ ದೃಷ್ಟಿಯ ನಡುಭಾಗ ಮಸುಕಾಗುತ್ತಾ ಬರುವ ಕಾಯಿಲೆ. ಮುಂದಿನ ವರ್ಷ ಹೋದರಾಗದೇ ಎಂದು ನಾನೊಮ್ಮೆ ಬಾಯಿತಪ್ಪಿ ಕೇಳಿದ್ದೆ. “ಮುಂದಿನ ವರ್ಷ ಕಿಟಕಿ ಹೊರಗ ಏನದ ಅಂತ ಇವರು ಬಾಯಿಲೆ ಹೇಳ್ಬೇಕಾಗ್ತದ ತಂಗಿ. ಇವರು ಮಾತಾಡೂದು ದಿನಕ್ಕ ನಾಕು ಶಬ್ದ,” ಎಂದು ನಕ್ಕಿದ್ದರು.

ಅಂಕಲ್ ನಿವೃತ್ತ ಎಂಜಿನಿಯರ್, ಸೇತುವೆಗಳನ್ನು ತಪಾಸಣೆ ಮಾಡಿ ಸಹಿ ಹಾಕುವ ಕೆಲಸದಲ್ಲಿದ್ದವರು. ಅವರದು ಒಂದೇ ಷರತ್ತು. ಪ್ರವಾಸದ ನಡುವೆ ಅವರ ತಾಯಿಯ ಶ್ರಾದ್ಧ ಬರುತ್ತಿತ್ತು, ಅದು ತಪ್ಪಬಾರದು. ತಾಯಿ ತೀರಿಕೊಂಡಾಗ ಅವರು ಈ ದೇಶಕ್ಕೆ ಹೊಸಬರು, ಕಾಗದಪತ್ರ ಸರಿಯಿರದೆ ಹೋಗಲಾಗಲಿಲ್ಲ. ತಮ್ಮನೇ ಎಲ್ಲ ಮಾಡಿದ. “ಅವ್ವಗ ಕಡೀ ನೀರು ಬಿಡ್ಲಿಕ್ಕೆ ನಾ ಇರ್ಲಿಲ್ರಿ ಮೇಡಮ್. ಅವತ್ತಿನಿಂದ ಮೂವತ್ತೆಂಟು ವರ್ಷ, ಒಂದೂ ತಪ್ಪಿಸಿಲ್ಲ.” ಇಷ್ಟನ್ನೇ ಹೇಳಿ ನನ್ನ ಪಟ್ಟಿಯನ್ನು ಮೇಲಿಂದ ಕೆಳಗಿನವರೆಗೆ ಓದಿ, “ಛಲೋ ಮಾಡೀರಿ,” ಎಂದಿದ್ದರು.

ಇಲ್ಲಿಯ ಕನ್ನಡದವರಿಗೆ ತಿಥಿಯ ಜಗಳ ಹಳೆಯದು. ಊರಿನಿಂದ ಫೋನು ಬರುತ್ತದೆ, ಹಬ್ಬ ಇಂಥ ದಿನ ಎಂದು. ಇಲ್ಲಿ ನೋಡಿದರೆ ಅದು ಹಿಂದಿನ ದಿನವೇ ಬಂದಿರುತ್ತದೆ. ಎಷ್ಟೋ ವರ್ಷ ಕಚ್ಚಾಡಿ ಈಗ ಎಲ್ಲರೂ ಒಂದು ಮಾತು ಕಲಿತಿದ್ದೇವೆ: ಇಂಡಿಯಾದ ಕ್ಯಾಲೆಂಡರ್ ನೋಡಬಾರದು, ನ್ಯೂಜೆರ್ಸಿಯದನ್ನು ನೋಡಬೇಕು. ಅದನ್ನು ಇಲ್ಲಿಯ ಸೂರ್ಯನಿಗೆ ಹೊಂದಿಸಿಯೇ ಅಚ್ಚು ಹಾಕಿಸಿರುತ್ತಾರೆ. ಆ ಕ್ಯಾಲೆಂಡರಿನಲ್ಲಿ ಅಂಕಲ್ ತಾಯಿಯ ತಿಥಿ ಗುರುವಾರಕ್ಕಿತ್ತು. ರೈಲು ಅಡಿಲೇಡ್ ಬಿಡುವುದೂ ಗುರುವಾರ ರಾತ್ರಿ. ಮಧ್ಯಾಹ್ನ ಶ್ರಾದ್ಧ, ರಾತ್ರಿ ರೈಲು. ಹೇಳಿ ಮಾಡಿಸಿದಂತೆ ಕೂಡಿಬಂತು ಎಂದು ನಾನು ಹಿಗ್ಗಿದ್ದೆ. ಹುಬ್ಬಳ್ಳಿಯ ತಮ್ಮ ‘ಅವ್ವನ ತಿಥಿ ಶುಕ್ರವಾರ ಅದ’ ಎಂದು ಕಳಿಸಿದ ಸಂದೇಶವನ್ನು ಅಂಕಲ್ ನನಗೆ ತೋರಿಸಿದಾಗ, “ಅದು ಇಂಡಿಯಾ ಡೇಟ್ ಅಂಕಲ್, ನೀವು ತಲೆ ಕೆಡಿಸ್ಕೋಬೇಡಿ,” ಎಂದು ದೊಡ್ಡ ತಿಳಿದವಳಂತೆ ಹೇಳಿದ್ದೆ.

ಅಡಿಲೇಡ್‌ನ ಒಂದು ಕನ್ನಡ ಕುಟುಂಬ ಮನೆ ಬಿಟ್ಟುಕೊಟ್ಟು ಅಡುಗೆಯನ್ನೂ ಮಾಡಿಕೊಟ್ಟಿತು. ಮಂತ್ರ ಹೇಳಿಸಲು ಇಲ್ಲಿಯ ನಮ್ಮ ಭಟ್ಟರು ವಿಡಿಯೋದಲ್ಲಿ ಕೂತರು. ಅವರು ಕುಂದಾಪುರದ ಕಡೆಯವರು. ವಾರದ ದಿನಗಳಲ್ಲಿ ಪಾರ್ಸಿಪನಿಯ ಆಫೀಸೊಂದರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್, ಮಿಕ್ಕ ಹೊತ್ತು ಪೌರೋಹಿತ್ಯ. ಅಲ್ಲಿ ಗುರುವಾರ ಮಧ್ಯಾಹ್ನ, ಇಲ್ಲಿ ಬುಧವಾರ ರಾತ್ರಿ. ಎಲ್ಲ ಸಾಂಗವಾಗಿ ಮುಗಿಯಿತೆಂದು ಭಟ್ಟರು ನನಗೆ ತಿಳಿಸಿದರು. ಅದನ್ನೇ ನಾನು ಬೆಳಗ್ಗೆ ಎದ್ದು ಚೌಕದೊಳಗೆ ಬರೆಯಲು ಹೊರಟದ್ದು.

ಗೋಡೆಯ ಕ್ಯಾಲೆಂಡರಿನಲ್ಲಿ ಗುರುವಾರದ ಅಂಕಿಯ ಕೆಳಗೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ತಿಥಿ ಶುರುವಾಗುವ ಹೊತ್ತು ಇರುತ್ತದೆ. ಬೆಳಗ್ಗೆ ಆರೂವರೆಯಿಂದ ಎಂದಿತ್ತು. ಗಡಿಯಾರ ನೋಡಿದೆ. ಆರೂವರೆ ಆಗಿ ಹತ್ತು ನಿಮಿಷ. ಅಂದರೆ ತಿಥಿ ಬಂದದ್ದು ಈಗ, ಹತ್ತು ನಿಮಿಷದ ಹಿಂದೆ. ಅಂಕಲ್ ಎಡೆ ಇಟ್ಟು, ಪಿಂಡ ಬಿಟ್ಟು, ಊಟ ಮಾಡಿ ಎದ್ದದ್ದು ನಮ್ಮ ಲೆಕ್ಕದಲ್ಲಿ ರಾತ್ರಿ ಹನ್ನೆರಡಕ್ಕೆ. ತಿಥಿಯೆಂಬುದು ಚಂದ್ರನ ಲೆಕ್ಕ. ಇಡೀ ಭೂಮಿಗೆ ಒಂದೇ ಕ್ಷಣದಲ್ಲಿ ಶುರುವಾಗುತ್ತದೆ. ಆ ಕ್ಷಣದಲ್ಲಿ ಅಡಿಲೇಡ್‌ನಲ್ಲಿ ಗುರುವಾರ ರಾತ್ರಿ ಎಂಟು. ಶ್ರಾದ್ಧಕ್ಕೆ ಬೇಕಾದದ್ದು ತಿಥಿ ಇರುವ ಮಧ್ಯಾಹ್ನ. ಅಲ್ಲಿ ಆ ಮಧ್ಯಾಹ್ನ ಬರುವುದು ಶುಕ್ರವಾರ, ರೈಲು ಆ ಮರವಿಲ್ಲದ ಬಯಲಿನಲ್ಲಿರುವಾಗ. ಗಡಿಯಾರಗಳನ್ನೆಲ್ಲ ನಿಮಿಷ ಬಿಡದೆ ತಿರುಗಿಸಿದ ನಾನು, ಗುರುವಾರ ಎಂಬ ಹೆಸರನ್ನು ಮಾತ್ರ ಇಲ್ಲಿಂದ ಅನಾಮತ್ತಾಗಿ ಎತ್ತಿ ಅಲ್ಲಿಗೆ ಇಟ್ಟಿದ್ದೆ.

ಪಟ್ಟಿಯಲ್ಲಿ ರೈಲಿನ ಹೊತ್ತು ನೋಡಿದೆ. ರೈಲು ಹೊರಡುವುದು ಅಲ್ಲಿಯ ರಾತ್ರಿ ಒಂಬತ್ತು ನಲವತ್ತಕ್ಕೆ, ನಮ್ಮ ಎಂಟು ಹತ್ತಕ್ಕೆ. ನನ್ನ ಕೈಲಿದ್ದದ್ದು ಒಂದೂವರೆ ಗಂಟೆ.

ಭಟ್ಟರಿಗೆ ಫೋನ್ ಮಾಡಿದೆ.

“ಭಟ್ರೆ, ಡ್ರೈವ್ ಮಾಡ್ತಿದೀರಾ?”

“ಹೌದು, ಟೂ ಏಟಿ ಸೆವೆನ್ ಹೈವೇಯಲ್ಲಿ ಇದ್ದೇನೆ. ಎಂಟು ಗಂಟೆಗೆ ಮೀಟಿಂಗ್ ಉಂಟು. ಹೇಳಿ.”

“ತಿಥಿ ಶುರುವಾಗಿದ್ದು ಎಷ್ಟು ಹೊತ್ತಿಗೆ?”

“ಬೆಳಿಗ್ಗೆ ಆರೂವರೆಗೆ. ಕ್ಯಾಲೆಂಡರಲ್ಲೇ ಉಂಟಲ್ಲ.”

“ನಾವು ಶ್ರಾದ್ಧ ಮುಗಿಸಿದ್ದು?”

“ನಿನ್ನೆ ರಾತ್ರಿ ಹನ್ನೆರಡು...” ಎಂದವರು ನಿಲ್ಲಿಸಿದರು. ಇಂಡಿಕೇಟರಿನ ಟಿಕ್ ಟಿಕ್ ಕೇಳಿಸಿತು. ಯಾವುದೋ ಎಕ್ಸಿಟ್ಟಿಗೆ ಇಳಿದು ಕಾರು ನಿಲ್ಲಿಸಿದರು. “ಅಯ್ಯೋ ಮಾರಾಯ್ರೆ. ಎಂತ ಮಾಡಿಬಿಟ್ಟೆವು ನಾವು.”

ಇನ್ನೊಂದು ಮಾತನ್ನೂ ಹೇಳಿದರು. ಕರ್ಮ ಶುರು ಮಾಡುವಾಗ ಸಂಕಲ್ಪದಲ್ಲಿ, ನಾನು ಇಂಥ ಜಾಗದಲ್ಲಿ ಇಂಥ ಕಾಲದಲ್ಲಿ ಮಾಡುತ್ತಿದ್ದೇನೆ ಎಂದು ಹೇಳಬೇಕು. “ಬಾಯಿ ಅಭ್ಯಾಸ ನೋಡಿ, ಅಮೆರಿಕಕ್ಕೆ ಹೇಳುವ ದ್ವೀಪದ ಹೆಸರನ್ನೇ ಹೇಳಿಸಿದ್ದೇನೆ. ಈಗ ನೆನಪಾಗ್ತಾ ಉಂಟು.” ಅಂದರೆ ಅಂಕಲ್ ಅಡಿಲೇಡ್‌ನಲ್ಲಿ ಕೂತು, ನ್ಯೂಜೆರ್ಸಿಯ ವಿಳಾಸ ಕೊಟ್ಟು, ನ್ಯೂಜೆರ್ಸಿಯ ದಿನದಂದು ತಾಯಿಯನ್ನು ಕರೆದಿದ್ದರು. ನಗು ಬರಬೇಕಾದ ಮಾತು, ನಾನು ಮತ್ತೆ ಗಡಿಯಾರ ನೋಡಿದೆ.

ಏಳಕ್ಕೆ ನಮ್ಮ ಮನೆಯವರು ಪಕ್ಕದ ಊರಿನಿಂದ ನ್ಯೂಯಾರ್ಕಿಗೆ ಹೋಗುವ ರೈಲು ಹಿಡಿಯಲು ಟೈ ಕಟ್ಟುತ್ತಾ ಕೆಳಗಿಳಿದರು. ಎಲ್ಲವನ್ನೂ ಕೇಳಿಸಿಕೊಂಡು, ನಿಂತಲ್ಲೇ ತೀರ್ಪು ಕೊಟ್ಟರು.

“ಹೇಳ್ಬೇಡ ಕಣೆ. ಅವರು ಶ್ರದ್ಧೆಯಿಂದ ಮಾಡಿ ಆಗಿದೆ. ಗೊತ್ತಿಲ್ದೆ ಆಗಿದ್ದಕ್ಕೆ ಯಾವ ದೋಷಾನೂ ಇಲ್ಲ. ಈಗ ಹೇಳಿದ್ರೆ ಅವರು ಇಳಿದುಬಿಡ್ತಾರೆ, ಆ ಆಂಟಿ ಕಥೆ ಏನು?”

“ಅವರ ತಮ್ಮ ನಾಳೆ ಹುಬ್ಬಳ್ಳಿಯಲ್ಲಿ ಮಾಡ್ತಾರೆ. ಒಂದಲ್ಲ ಒಂದು ದಿನ ಗೊತ್ತಾಗುತ್ತೆ.”

“ಆಗ ಇಂಡಿಯಾ ಡೇಟು ಅನ್ನು. ಎಲ್ಲರೂ ಅದನ್ನೇ ತಾನೇ ಅನ್ನೋದು.”

ಅವರು ಹೋದ ಮೇಲೆ ಬಾಗಿಲ ಬಳಿಯೇ ನಿಂತಿದ್ದೆ. ಅವರ ಮಾತಿನಲ್ಲಿ ಹುರುಳಿತ್ತು. ಹೇಳಿದರೆ ಅಂಕಲ್ ಇಳಿಯುವುದು ಖಂಡಿತ. ಶುಕ್ರವಾರ ಮಧ್ಯಾಹ್ನ ಅಡಿಲೇಡ್‌ನಲ್ಲೇ ಇದ್ದು ಮತ್ತೊಮ್ಮೆ ಮಾಡುತ್ತಾರೆ. ಅವರನ್ನು ಬಿಟ್ಟು ಆಂಟಿ ಹೋಗುವುದಿಲ್ಲ. ಮುಂದಿನ ರೈಲು ಒಂದು ವಾರಕ್ಕೆ, ಅದರಲ್ಲಿ ಜಾಗವಿಲ್ಲವೆಂದು ನನಗೆ ಗೊತ್ತಿತ್ತು. ಹೇಳದಿದ್ದರೆ ಮೂವತ್ತೆಂಟು ವರ್ಷ ತಪ್ಪದ್ದು ಈ ವರ್ಷ ತಪ್ಪುತ್ತದೆ, ಅದು ಗೊತ್ತಿರುವವರು ನಾನು, ಭಟ್ಟರು, ನಮ್ಮ ಮನೆಯವರು, ಇಷ್ಟೇ. ಅಷ್ಟರಲ್ಲಿ ಫೋನು ಸದ್ದು ಮಾಡಿತು. ಅಂಕಲ್ ಕಳಿಸಿದ ಫೋಟೋ: ಪ್ಲಾಟ್‌ಫಾರ್ಮಿನಲ್ಲಿ ಬೆಳ್ಳಿಯಂತೆ ಹೊಳೆಯುವ ಬೋಗಿಯ ಮುಂದೆ ಆಂಟಿ, ಕತ್ತು ಚಾಚಿ ಬೋಗಿಯ ಗಾಲಿ ನೋಡುತ್ತಿದ್ದಾರೆ. ಕೆಳಗೆ ಒಂದು ಸಾಲು. ‘ಅವ್ವನ ಕೆಲಸ ಪಾಂಗಿತವಾಗಿ ಆತು. ನಿಮ್ಮಿಂದ ಉಪಕಾರ ಆತು ಮೇಡಮ್.’

ಅಂಕಲ್ ಹೊಗಳುವವರಲ್ಲ. ಆ ಸಾಲು ಓದಿ ನನಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟು. ಯಾರ ಮೇಲೆಂದು ಕೇಳಿದರೆ ಆ ಕ್ಯಾಲೆಂಡರ್ ಮೇಲೆ, ಭಟ್ಟರ ಮೇಲೆ, ಹೆಚ್ಚಾಗಿ ನನ್ನ ಮೇಲೆಯೇ. ‘ಸಂತೋಷ ಅಂಕಲ್’ ಎಂದು ಟೈಪ್ ಮಾಡಿ ಅಳಿಸಿದೆ. ‘ಒಂದು ವಿಷಯ’ ಎಂದು ಬರೆದು ಅದನ್ನೂ ಅಳಿಸಿದೆ. ಏಳೂ ಕಾಲು ಆಯಿತು, ಇಪ್ಪತ್ತೈದಾಯಿತು. ಕಾಫಿ ತಣ್ಣಗಾಗಿ ಕೆನೆ ಕಟ್ಟಿತ್ತು.

ಆಗ ನೆನಪಾದದ್ದು ಅಂಕಲ್ ಒಮ್ಮೆ ಹೇಳಿದ ಸಂಗತಿ. ನನ್ನ ಪಟ್ಟಿಯನ್ನು ಓದುತ್ತಿದ್ದ ದಿನವೇ ಹೇಳಿದ್ದರು. ಒಂದು ಸೇತುವೆಯನ್ನು ತಪಾಸಣೆ ಮಾಡಿ, ಸರಿಯಿದೆಯೆಂದು ಸಹಿ ಹಾಕಿ ಮನೆಗೆ ಬಂದಿದ್ದರಂತೆ. ಮಾರನೆಯ ದಿನ ರಜೆ; ಸುಮ್ಮನೆ ಫೋಟೋಗಳನ್ನು ನೋಡುವಾಗ ಒಂದು ಕಡೆ ಕೂದಲೆಳೆಯಂಥ ಬಿರುಕು ಕಾಣಿಸಿತು. ಬೇರೆ ಯಾರೂ ಆ ಫೋಟೋ ನೋಡುವವರಿರಲಿಲ್ಲ. ಆ ಕ್ಷಣವೇ ಮೇಲಿನವರಿಗೆ ಫೋನ್ ಮಾಡಿ, ತಮ್ಮ ಸಹಿ ತಪ್ಪೆಂದು ಹೇಳಿ ಸೇತುವೆ ಮುಚ್ಚಿಸಿದರು. ಬೈಸಿಕೊಂಡಿರಾ ಎಂದು ನಾನು ಕೇಳಿದ್ದೆ. “ಬೈದ್ರು. ಆದ್ರ ಆಮ್ಯಾಲ ನನ್ನ ಸಹಿ ಇದ್ರ ಎರಡನೇ ಸಲ ಯಾರೂ ಕೇಳ್ತಿರ್ಲಿಲ್ಲ.”

ಆ ಮನುಷ್ಯನಿಗೆ ನಾನು ಬಿರುಕು ಮುಚ್ಚಿಟ್ಟು ಸಂತೋಷ ಅಂಕಲ್ ಎಂದು ಬರೆಯಲು ಹೊರಟಿದ್ದೆ. ಹೇಳುವುದೆಂದು ನಿರ್ಧಾರವಾಯಿತು. ಆದರೆ ಬರಿಗೈಯಲ್ಲಿ ಹೋಗಿ ಹೇಳುವುದಲ್ಲ, ರೈಲಿನಿಂದ ಇಳಿಯದೆಯೂ ಒಂದು ದಾರಿಯಿದ್ದರೆ ಅದನ್ನೂ ಹಿಡಿದುಕೊಂಡು ಹೋಗಬೇಕು.

ಏಳೂವರೆಗೆ ಮತ್ತೆ ಭಟ್ಟರು. ಅವರಾಗಲೇ ಆಫೀಸಿನ ಪಾರ್ಕಿಂಗ್ ಜಾಗದಲ್ಲಿದ್ದರು.

“ರೈಲಿನಲ್ಲಿ ಒಲೆ ಹಚ್ಚೋ ಹಾಗಿಲ್ಲ, ಅಡುಗೆ ಆಗಲ್ಲ. ದರ್ಭೆ ಇಲ್ಲ, ಇದ್ರೂ ಆ ದೇಶದೊಳಗೆ ತರೋ ಹಾಗಿರ್ಲಿಲ್ಲ. ಏನಾದ್ರೂ ದಾರಿ ಇದೆಯಾ ಭಟ್ರೆ?”

“ದಾರಿ ಉಂಟು. ಅಡುಗೆ ಆಗದಿದ್ರೆ ಎಳ್ಳು ನೀರು ಬಿಟ್ರೂ ಆಗ್ತದೆ. ಅದೂ ಇಲ್ಲದವನಿಗೆ, ಬಯಲಿಗೆ ಹೋಗಿ ಎರಡೂ ಕೈ ಎತ್ತಿ, ನನ್ನ ಹತ್ತಿರ ಏನೂ ಇಲ್ಲ ಅಂತ ಪಿತೃಗಳಿಗೆ ಹೇಳಿದ್ರೂ ಸಾಕು ಅಂತ ಹೇಳಿದ್ದಾರೆ ಹಿರಿಯರು. ರೈಲು ಎಲ್ಲಿಯಾದ್ರೂ ನಿಲ್ತದಾ? ನೆಲ ಮುಟ್ಟಿದ್ರೆ ಒಳ್ಳೇದು.”

ನಿಲ್ಲುತ್ತದೆ! ಬಯಲಿನ ನಡುವೆ ಒಂದು ಪಾಳುಬಿದ್ದ ಪುಟ್ಟ ಊರಿದೆ. ಅಲ್ಲಿ ಡ್ರೈವರ್ ಬದಲಾಗುತ್ತಾರೆ, ರೈಲಿಗೆ ನೀರು ತುಂಬುತ್ತಾರೆ, ಪ್ರಯಾಣಿಕರನ್ನೂ ಸ್ವಲ್ಪ ಹೊತ್ತು ಇಳಿಸುತ್ತಾರೆ. ಪಟ್ಟಿಯಲ್ಲಿ ನೋಡಿದೆ: ಶುಕ್ರವಾರ ಮಧ್ಯಾಹ್ನ ಒಂದೂವರೆ. ಭಟ್ಟರು ಆ ಜಾಗದ ಸೂರ್ಯೋದಯ, ಸೂರ್ಯಾಸ್ತ ಹುಡುಕಿ ಹಗಲನ್ನು ಮೊಬೈಲಿನಲ್ಲೇ ಐದು ಭಾಗ ಮಾಡಿದರು. “ಎರಡು ಗಂಟೆಗೆ ಸರಿಯಾದ ಕಾಲ ಶುರು. ಒಂದೂವರೆ ಆದ್ರೂ ತಪ್ಪಿಲ್ಲ, ಎರಡಾದ್ರೆ ಉತ್ತಮ.”

“ಸಂಕಲ್ಪದಲ್ಲಿ ಈ ಸಲ ಯಾವ ಜಾಗ ಹೇಳ್ಬೇಕು?”

ಭಟ್ಟರು ಯೋಚಿಸಿದರು. “ನನಗೆ ಸರಿ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಇನ್ನೊಮ್ಮೆ ಹೇಳಿಸುದಿಲ್ಲ. ಎಲ್ಲಿ ನಿಂತಿದ್ದಾರೋ ಅದನ್ನು ಕನ್ನಡದಲ್ಲೇ ತಾಯಿಗೆ ಹೇಳ್ಲಿ.”

ಮುಂದಿನ ಕರೆ ಅಡಿಲೇಡ್ ನಿಲ್ದಾಣದ ರೈಲು ಕಂಪನಿಯ ಮೇಜಿಗೆ. ಅಲ್ಲಿದ್ದ ಹೆಂಗಸು ತಾಳ್ಮೆಯವಳು. ನನ್ನ ಪ್ರಯಾಣಿಕರೊಬ್ಬರು ಆ ನಿಲ್ದಾಣದಲ್ಲಿ ತಾಯಿಯ ನೆನಪಿಗೆ ಒಂದು ಸಣ್ಣ ವಿಧಿ ಮಾಡಬೇಕು ಎಂದೆ. ಚಿತಾಭಸ್ಮವೇ ಎಂದು ಮೆಲ್ಲಗೆ ಕೇಳಿದಳು. ಹಾಗೆ ತರುವವರು ಇದ್ದಾರೆಂದು ಕಾಣುತ್ತದೆ. ಅಲ್ಲ, ತಾಯಿ ಹೋಗಿ ಮೂವತ್ತೆಂಟು ವರ್ಷವಾಯಿತು ಎಂದೆ. ಬೆಂಕಿ ಇದೆಯೇ ಎಂದಳು. ಇಲ್ಲ, ಒಂದು ಸ್ಟೀಲ್ ಬಟ್ಟಲು, ಒಂದು ಜಗ್ ನೀರು, ಅಡುಗೆಮನೆಯಲ್ಲಿದ್ದರೆ ಒಂದು ಹಿಡಿ ಎಳ್ಳು. ಬ್ರೆಡ್ಡಿನ ಮೇಲೆ ಉದುರಿಸುವ ಬಿಳಿ ಎಳ್ಳಿದೆ, ಕೋಚ್ ನೋಡಿಕೊಳ್ಳುವವರಿಗೆ ಹೇಳುತ್ತೇನೆ ಎಂದಳು. ಬೇಕಾದದ್ದು ಕರಿ ಎಳ್ಳು. ಆ ಹೊತ್ತಿನಲ್ಲಿ ಎಳ್ಳಿನ ಬಣ್ಣಕ್ಕೆ ಜಗಳವಾಡುವ ಯೋಗ್ಯತೆ ನನಗಿರಲಿಲ್ಲ.

ಏಳು ಐವತ್ತೆರಡಕ್ಕೆ ಅಂಕಲ್‌ಗೆ ಫೋನ್ ಮಾಡಿದೆ. ಅವರು ಆಗಲೇ ಕ್ಯಾಬಿನ್ನಿನೊಳಗಿದ್ದರು. ಹಿಂದಿನಿಂದ ಆಂಟಿಯ ಧ್ವನಿ ಕೇಳುತ್ತಿತ್ತು, ಮೇಲಿನ ಬರ್ತಿನ ಏಣಿ ಎಲ್ಲಿ ಸಿಕ್ಕಿಸುತ್ತಾರೆಂದು ಯಾರನ್ನೋ ಕೇಳುತ್ತಿದ್ದರು.

“ಅಂಕಲ್, ನನ್ನಿಂದ ಒಂದು ತಪ್ಪಾಗಿದೆ. ತಿಥಿ ಇವತ್ತಲ್ಲ, ನಾಳೆ. ನಿಮ್ಮ ತಮ್ಮ ಹೇಳಿದ್ದೇ ಸರಿ. ನೀವು ಮಾಡಿದಾಗ ತಿಥಿ ಇನ್ನೂ ಶುರುವೇ ಆಗಿರ್ಲಿಲ್ಲ. ನ್ಯೂಜೆರ್ಸಿಯ ಗುರುವಾರಾನ ನಾನು ಅಲ್ಲಿಯ ಗುರುವಾರ ಅಂದ್ಕೊಂಡೆ.”

ಅಂಕಲ್ ಮೊದಲು ಕೇಳಿದ್ದು ಹೊತ್ತನ್ನು.

“ಶುರು ಎಷ್ಟಕ್ಕ?”

“ಅಲ್ಲಿಯ ರಾತ್ರಿ ಎಂಟಕ್ಕೆ. ನಾಳೆ ರಾತ್ರಿ ಒಂಬತ್ತರವರೆಗೂ ಇರುತ್ತೆ.”

“ನಿಮಗ ಯಾವಾಗ ಗೊತ್ತಾತು?”

“ಆರು ನಲವತ್ತಕ್ಕೆ.”

“ಈಗ ಎಂಟಾಗ್ಲಿಕ್ಕೆ ಬಂತು ನಿಮ್ಮಲ್ಲೆ.” ಧ್ವನಿ ಏರಲಿಲ್ಲ. “ಒಂದು ತಾಸು ಯಾಕ ತಡಾ ಮಾಡಿದ್ರಿ?”

ಭಟ್ಟರನ್ನು ಕೇಳುತ್ತಿದ್ದೆ, ನಿಲ್ದಾಣಕ್ಕೆ ಫೋನ್ ಮಾಡುತ್ತಿದ್ದೆ ಎಂದು ಹೇಳಬಹುದಿತ್ತು, ಅದು ಸುಳ್ಳೂ ಅಲ್ಲ. “ಹೆದರಿಕೆ ಆಯ್ತು ಅಂಕಲ್. ಹೇಳದೇನೇ ಇದ್ಬಿಡೋಣ ಅಂತಾನೂ ಅನ್ನಿಸ್ತು,” ಎಂದೆ.

“ಹೂಂ.” ಸೂಟ್‌ಕೇಸ್ ಎಳೆದ ಸದ್ದು. “ನಾ ಇಳೀತೀನಿ.”

ನಾನು ಒಂದೇ ಉಸಿರಿಗೆ ಉಳಿದದ್ದೆಲ್ಲ ಹೇಳಿದೆ: ಬಯಲಿನ ನಿಲ್ದಾಣ, ಎರಡು ಗಂಟೆ, ಎಳ್ಳು, ದಕ್ಷಿಣಕ್ಕೆ ಮುಖ, ಕನ್ನಡದಲ್ಲಿ ಜಾಗದ ಹೆಸರು. ಎಷ್ಟು ಕೇಳಿಸಿಕೊಂಡರೋ ತಿಳಿಯಲಿಲ್ಲ. ಹಿಂದಿನಿಂದ ಆಂಟಿ “ಯಾರ್ರೀ ಅದು, ಏನಾತು?” ಎಂದರು. ಆಮೇಲೆ ಕರೆ ನಿಂತಿತು. ಮತ್ತೆ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ.

ಎಂಟು ಹತ್ತಾಯಿತು. ಎಂಟೂಕಾಲಿಗೆ ನಿಲ್ದಾಣದ ಮೇಜಿಗೆ ಫೋನ್ ಮಾಡಿದರೆ, ರೈಲು ಹೊರಟಿದೆ, ಯಾರು ಹತ್ತಿದರು ಯಾರು ಇಳಿದರು ಎಂದು ಫೋನಿನಲ್ಲಿ ಹೇಳುವಂತಿಲ್ಲ ಎಂದರು. ಗುಂಪಿನ ಉಳಿದ ಹನ್ನೆರಡು ಮಂದಿಗೂ ಸಂದೇಶ ಕಳಿಸಿದೆ. ರಾತ್ರಿ ಮಲಗುವಾಗ ಫೋನ್ ಆರಿಸಿಡಿ ಎಂದು ನಾನೇ ಪಾಠ ಮಾಡಿ ಕಳಿಸಿದ ವಿಧೇಯರು, ಒಬ್ಬರೂ ನೋಡಲಿಲ್ಲ. ಅವರು ಬೆಳಗ್ಗೆ ಏಳುವ ಹೊತ್ತಿಗೆ ರೈಲು ಸಿಗ್ನಲ್ ಇಲ್ಲದ ಕಡೆಗೆ ಹೋಗಿರುತ್ತಿತ್ತು.

ಆ ಗುರುವಾರ, ಮಾರನೆಯ ಶುಕ್ರವಾರ ನಾನು ಮಾಡಿದ ಕೆಲಸವೆಂದರೆ ಕಾಯುವುದು. ಇಳಿದಿದ್ದರೆ ಎಲ್ಲಿ ಉಳಿಯುತ್ತಾರೆಂದು ಅಡಿಲೇಡ್‌ನ ಆ ಕುಟುಂಬಕ್ಕೆ ಫೋನ್ ಮಾಡಿದೆ. ಅವರಲ್ಲಿಗೆ ಯಾರೂ ಬಂದಿರಲಿಲ್ಲ. ಹೋಟೆಲಿಗೆ ಮಾಡಿದೆ; ಅಲ್ಲಿ ಹೆಸರು ಹೇಳಲು ಒಪ್ಪಲಿಲ್ಲ. ಆಂಟಿ ಪ್ಲಾಟ್‌ಫಾರ್ಮಿನಲ್ಲಿ ಸೂಟ್‌ಕೇಸಿನ ಮೇಲೆ ಕೂತು, ಹೊರಟ ರೈಲಿನ ಹಿಂದಿನ ಕೆಂಪು ದೀಪ ನೋಡುತ್ತಿರುವ ಚಿತ್ರ ಕಣ್ಣಿಗೆ ಕಟ್ಟಿ, ಏನು ಮಾಡಿದರೂ ಹೋಗಲಿಲ್ಲ. ಭಟ್ಟರು ಮಧ್ಯೆ ಎರಡು ಸಲ ವಿಚಾರಿಸಿದರು. ಅವರೂ ಆ ದಿನ ಊಟ ಬಿಟ್ಟಿದ್ದರೆಂದು ಆಮೇಲೆ ತಿಳಿಯಿತು. ಮನೆಯವರು ಸಂಜೆ ತಾವೇ ಅನ್ನಕ್ಕಿಟ್ಟರು.

ಶುಕ್ರವಾರ ಸಂಜೆ ಏಳಕ್ಕೆ ಹುರುಳಿಕಾಯಿ ಹೆಚ್ಚುತ್ತಿದ್ದಾಗ ಅಂಕಲ್ ನಂಬರಿನಿಂದ ಕರೆ ಬಂತು. ಎತ್ತಿದೆ. ಮಾತಿಗಿಂತ ಮೊದಲು ಕೇಳಿಸಿದ್ದು ಗಾಲಿಯ ಸದ್ದು. ಚಾಕು ಕೆಳಗಿಟ್ಟು ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟೆ.

“ತಂಗಿ, ಈಗ ಸಿಗ್ನಲ್ ಬಂತವಾ,” ಆಂಟಿಯ ಧ್ವನಿ. “ಇಲ್ಲೆ ಮುಂಜಾನೆ ಆಗೇದ. ಪರ್ತ್ ಇನ್ನೂ ದೂರ ಅದ.”

“ಆಂಟಿ, ನೀವು ಇಳೀಲಿಲ್ವಾ?”

“ಇವರು ಸೂಟ್‌ಕೇಸ್ ಬಾಗಲತನಾ ಒಯ್ದಿದ್ರು. ಇಳೀರಿ, ನಾ ಒಬ್ಬಾಕೀನೇ ಹೋಗ್ತೀನಿ ಅಂದೆ. ಸ್ಟೇಷನ್ ಮಾಸ್ತರ ಮಗಳು, ರೈಲಿನ್ಯಾಗ ಒಬ್ಬಾಕಿ ಇರ್ಲಿಕ್ಕೆ ಅಂಜೂದಿಲ್ಲ. ನಿಮ್ಮ ಅವ್ವ ನಾಳೆ ಮಧ್ಯಾಹ್ನ ಬರೂದದ, ಆಕಿ ಅಡಿಲೇಡ್‌ಗೇ ಬರ್ಬೇಕಂತ ಎಲ್ಲಿ ಬರದದ ಅಂತ ಕೇಳಿದೆ. ಅಷ್ಟರಾಗ ರೈಲಿನವರು ಬಾಗಲಾ ಹಾಕಿದ್ರು ನೋಡು.”

ಉಳಿದದ್ದನ್ನೂ ಅವರೇ ಹೇಳಿದರು. ಎದುರಿನಿಂದ ಬರುವ ಗೂಡ್ಸ್ ಗಾಡಿಗೆ ದಾರಿ ಬಿಟ್ಟು ರೈಲು ತಡವಾಯಿತು, ನಿಂತಾಗ ಎರಡಾಗಿತ್ತು. ತಡವಾದದ್ದರಿಂದ ಇಪ್ಪತ್ತೇ ನಿಮಿಷ ಎಂದರು. ಕೋಚಿನ ಹುಡುಗಿ ಬಟ್ಟಲು, ಜಗ್ಗು, ಕಾಗದದ ಲೋಟದಲ್ಲಿ ಎಳ್ಳು ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಅಂಕಲ್ ಬೂಟು ಕಳಚಿ ಕೆಂಪು ಮಣ್ಣಿನ ಮೇಲೆ ನಡೆದರು. ದರ್ಭೆಯ ಉಂಗುರಕ್ಕೆ ಆಂಟಿ ಹಳಿಯ ಪಕ್ಕ ಒಣಗಿ ನಿಂತಿದ್ದ ಹುಲ್ಲಿನ ಎಳೆಯನ್ನು ಕೈಯಲ್ಲೇ ತಡವಿ ಕಿತ್ತು ಸುತ್ತಿಕೊಟ್ಟರು. ದಕ್ಷಿಣದ ಕಡೆ ಕಣ್ಣು ಹೋದಷ್ಟು ದೂರ ಒಂದು ಗಿಡವಿಲ್ಲ. “ನಂಗ ಈಗ ನಟ್ಟನಡುವ ಏನೂ ಕಾಣ್ಸೂದಿಲ್ಲ, ಅಂಚು ಅಷ್ಟ. ಅಲ್ಲೆ ನಡುವ ನೋಡೂದು ಏನೂ ಇರ್ಲೇ ಇಲ್ಲ ತಂಗಿ, ಬರೇ ಅಂಚು. ಎಲ್ಲಾ ಕಂಡಂಗ ಆತು.” ನಕ್ಕರು. ಆಮೇಲೆ, “ಇವರಿಗೆ ಕೊಡ್ತೀನಿ,” ಎಂದರು.

ನಾನು ಎದ್ದು ನಿಂತೆ. ಫೋನಿನಲ್ಲಿ ಎದ್ದು ನಿಂತರೆ ಯಾರಿಗೆ ಕಾಣುತ್ತದೆ, ಆದರೂ ನಿಂತೆ.

“ಅಂಕಲ್, ಕ್ಷಮಿಸಿ.”

“ಜಾಗದ ಹೆಸರು ಕನ್ನಡದಾಗ ಹೇಳ್ರಿ ಅಂದಿದ್ರಲ್ಲ,” ಎಂದರು. “ಅವ್ವಾ, ನಾ ಆಸ್ಟ್ರೇಲಿಯಾದಾಗ ಒಂದು ಬಯಲಾಗ ಇದ್ದೀನಿ, ರೈಲು ನಿಂತದ, ಇಪ್ಪತ್ತು ಮಿನಿಟ್ ಅದ ಅಂತ ಹೇಳಿದೆ. ಇಷ್ಟು ವರ್ಷ ಭಟ್ರು ಹೇಳಿಸಿದ್ದು ಹೇಳ್ತಿದ್ದೆ. ಎಲ್ಲಿದ್ದೀನಂತ ನಾನಾಗೇ ಹೇಳಿದ್ದು ಇದ ಮೊದಲ ಸಲ.” ಗಾಲಿಯ ಸದ್ದು ಒಂದೇ ಸಮ ಕೇಳುತ್ತಿತ್ತು.

“ತಂಗಿ.”

ಅವರು ನನ್ನನ್ನು ಹಾಗೆ ಕರೆದದ್ದು ಅದೇ ಮೊದಲು.

“ಹೇಳಿ ಅಂಕಲ್.”

“ಮುಂದಿನ ವರ್ಷದ ತಿಥಿ ಯಾವತ್ತ ಬರ್ತದ, ನೀನೇ ನೋಡಿ ಹೇಳು.”

“ನಾನಾ? ಬೇಡ ಅಂಕಲ್, ಭಟ್ರನ್ನೇ ಕೇಳಿ. ನಾನು ಮತ್ತೆ ತಪ್ಪು ಮಾಡಿದ್ರೆ?”

“ಮಾಡಿದ್ರ ನೀ ಫೋನ್ ಮಾಡ್ತೀಯಲ್ಲ,” ಎಂದರು.